ಆ ಹಳೆಯ ಜಗಳವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತೇ?

‘ಸರ್, ಯಂತ್ರ ಒಂದು ಸೂತ್ರವನ್ನೂ ಬಾಯಿಪಾಠ ಮಾಡದೆ ಕನ್ನಡ ಬರೆಯುತ್ತಿದೆ. ಭಾಷೆಯನ್ನು ಕಂಪ್ಯೂಟರಿಗೆ ಕಲಿಸುವುದು ಹೇಗೆಂದು ಐವತ್ತು, ಅರವತ್ತರ ದಶಕಗಳಲ್ಲಿ ನಡೆದ ವಾದಗಳನ್ನು ನಮಗೆ ಅಷ್ಟು ಪಾಠ ಮಾಡಿದಿರಿ. ಅದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತೇ?’ ಮದುವೆಮನೆಯಲ್ಲಿ ಸಿಗುವ ಹಳೆಯ ವಿದ್ಯಾರ್ಥಿಗಳು ಊಟದ ಪಂಕ್ತಿಯಲ್ಲೇ ಇದನ್ನು ಕೇಳುತ್ತಾರೆ. ಉತ್ತರ ಅರ್ಧಕ್ಕೆ ಬರುವಷ್ಟರಲ್ಲಿ ಪಾಯಸ ಬಂದಿರುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

1954ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಮತ್ತು ಐಬಿಎಂ ಸೇರಿ, ರಷ್ಯನ್ ವಾಕ್ಯಗಳನ್ನು ಯಂತ್ರ ಇಂಗ್ಲಿಷಿಗೆ ತಿರುಗಿಸುವುದನ್ನು ತೋರಿಸಿದವು. ಯಂತ್ರದ ಬಂಡವಾಳ 250 ಪದ, ಆರು ನಿಯಮ. ವಾಕ್ಯಗಳೂ ಮೊದಲೇ ಆರಿಸಿಟ್ಟವು. ಇನ್ನು ಮೂರರಿಂದ ಐದು ವರ್ಷದಲ್ಲಿ ಕೆಲಸ ಮುಗಿಯಿತು ಎಂಬ ಮಾತೂ ಬಂತು. ಆ ಮಾತಿಗೆ ತಣ್ಣೀರು ಎರಚಿದವರು ಹೊರಗಿನವರಲ್ಲ. ಯೆಹೋಶುವಾ ಬಾರ್-ಹಿಲೆಲ್ 1951ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಯಂತ್ರಾನುವಾದಕ್ಕೆಂದೇ ನೇಮಕಗೊಂಡಿದ್ದ ಮೊದಲ ಪೂರ್ಣಾವಧಿ ಸಂಶೋಧಕ. 1960ರಲ್ಲಿ ಅವರು ಒಂದು ಪುಟ್ಟ ಕಥೆ ಮುಂದಿಟ್ಟರು. ಹುಡುಗ ಆಟಿಕೆಯ ಪೆಟ್ಟಿಗೆ ಹುಡುಕುತ್ತಿದ್ದ, ಕೊನೆಗೆ ಸಿಕ್ಕಿತು: ‘ದಿ ಬಾಕ್ಸ್ ವಾಸ್ ಇನ್ ದಿ ಪೆನ್.’ ಇಂಗ್ಲಿಷಿನಲ್ಲಿ ಪೆನ್ ಎಂದರೆ ಲೇಖನಿ. ಎಳೆಮಕ್ಕಳನ್ನು ಆಡಲು ಬಿಡುವ ಕಟಕಟೆಯೂ ಹೌದು. ಪೆಟ್ಟಿಗೆ ಲೇಖನಿಯೊಳಗೆ ಹಿಡಿಯುವುದಿಲ್ಲ ಎಂದು ಯಾವ ವ್ಯಾಕರಣವೂ ಹೇಳಿಕೊಡುವುದಿಲ್ಲ.

ಇದನ್ನು ನಾನು ತರಗತಿಯಲ್ಲಿ ‘ಕಾಲು’ ಪದದಿಂದ ವಿವರಿಸುತ್ತಿದ್ದೆ. ತರಕಾರಿ ಅಂಗಡಿಯಲ್ಲಿ ‘ಬೀನ್ಸ್ ಕಾಲು ಕೊಡಿ’ ಎಂದರೆ ಇನ್ನೂರೈವತ್ತು ಗ್ರಾಂ. ಮಾಂಸದಂಗಡಿಯಲ್ಲಿ ‘ಕುರಿ ಕಾಲು ಕೊಡಿ’ ಎಂದರೆ ಸೂಪಿಗೆ ಬೇಕಾದ ಕಾಲು. ಎರಡೂ ವಾಕ್ಯಗಳ ಹಂದರ ಒಂದೇ. ಬೀನ್ಸಿಗೆ ಕಾಲಿಲ್ಲ ಎಂಬ ತಿಳಿವಳಿಕೆ ಬಂದದ್ದು ಬದುಕಿನಿಂದ. ಹಾಗಾದರೆ ಯಂತ್ರಕ್ಕೆ ಒಂದು ವಿಶ್ವಕೋಶವನ್ನೇ ತುಂಬಿಬಿಡೋಣ ಎಂದವರಿಗೆ ಬಾರ್-ಹಿಲೆಲ್ ಕೊಟ್ಟ ಉತ್ತರ, ಅದು ಹಗಲುಗನಸು ಎಂದು. 1966ರಲ್ಲಿ, ಈ ಕೆಲಸದ ಪ್ರಗತಿಯನ್ನು ಪರಿಶೀಲಿಸಲು ಅಮೆರಿಕದಲ್ಲಿ ನೇಮಿಸಿದ್ದ ಆಲ್‌ಪ್ಯಾಕ್ ಸಮಿತಿಯ ವರದಿಯೂ ಯಂತ್ರಾನುವಾದಕ್ಕೆ ವಿರುದ್ಧವಾಗಿ ಬಂದ ಮೇಲೆ ಅಲ್ಲಿ ಸರ್ಕಾರದ ಹಣ ಬತ್ತಿತು.

ಇನ್ನೊಂದು ಜಗಳ ಎಣಿಕೆಯದು: ಯಾವ ಪದದ ಪಕ್ಕ ಯಾವ ಪದ ಎಷ್ಟು ಸಲ ಬರುತ್ತದೆಂದು ಎಣಿಸಿದರೆ ಭಾಷೆ ಕೈಗೆ ಸಿಗುತ್ತದೆಯೇ ಎಂಬುದು. 1957ರಲ್ಲಿ ಅಮೆರಿಕದ ಭಾಷಾವಿಜ್ಞಾನಿ ನೋಮ್ ಚಾಮ್ಸ್ಕಿ ‘ಬಣ್ಣವಿಲ್ಲದ ಹಸಿರು ವಿಚಾರಗಳು ರೋಷದಿಂದ ಮಲಗುತ್ತವೆ’ ಎಂಬರ್ಥದ ಇಂಗ್ಲಿಷ್ ವಾಕ್ಯವನ್ನೂ ಅದೇ ಪದಗಳನ್ನು ಹಿಂದುಮುಂದಾಗಿಸಿದ ಸಾಲನ್ನೂ ಅಕ್ಕಪಕ್ಕ ಇಟ್ಟರು. ಎರಡನ್ನೂ ಯಾರೂ ಹಿಂದೆ ಆಡಿಲ್ಲ, ಆದ್ದರಿಂದ ಎಣಿಕೆಯ ಲೆಕ್ಕದಲ್ಲಿ ಎರಡೂ ಸಮ. ಆದರೂ ಮೊದಲನೆಯದು ವ್ಯಾಕರಣಬದ್ಧ ಎಂದು ಇಂಗ್ಲಿಷ್ ಬಲ್ಲವರೆಲ್ಲ ಒಪ್ಪುತ್ತಾರೆ ಎಂಬುದು ಅವರ ವಾದ. 2000ದಲ್ಲಿ ಕಂಪ್ಯೂಟರ್ ವಿಜ್ಞಾನಿ ಫರ್ನಾಂಡೊ ಪೆರೇರಾ ಪತ್ರಿಕೆಗಳ ಭಾಷೆಯಿಂದ ಕಲಿತ ಒಂದು ಸರಳ ಎಣಿಕೆಯ ಮಾದರಿಗೆ ಈ ಎರಡನ್ನೂ ಕೊಟ್ಟರು. ಮೊದಲನೆಯದರ ಸಂಭಾವ್ಯತೆ ಎರಡನೆಯದಕ್ಕಿಂತ ಸುಮಾರು ಎರಡು ಲಕ್ಷ ಪಟ್ಟು ಹೆಚ್ಚು ಬಂತು. ಆ ಒಂದು ವಾದ ಅಲ್ಲಿಗೆ ಬಿತ್ತು. (ಕನ್ನಡದಲ್ಲಿ ಈ ಉದಾಹರಣೆ ಮೊದಲೇ ಸೊರಗುತ್ತದೆ. ‘ಮಲಗುತ್ತವೆ ರೋಷದಿಂದ ವಿಚಾರಗಳು ಹಸಿರು ಬಣ್ಣವಿಲ್ಲದ’ ಎಂದರೆ ಬಾಲ ಸ್ವಲ್ಪ ನೇತಾಡುತ್ತದೆ, ಅಷ್ಟೇ. ಯಾರಾದರೂ ನವ್ಯ ಕವಿತೆಯೆಂದು ಅಚ್ಚು ಹಾಕಿಸಿಯಾರು.)

ಅದೇ 1957ರಲ್ಲಿ ಬ್ರಿಟನ್ನಿನ ಭಾಷಾವಿಜ್ಞಾನಿ ಜೆ. ಆರ್. ಫರ್ತ್, ಪದವನ್ನು ಅದರ ಸಹವಾಸದಿಂದ ಅರಿಯಬೇಕು ಎಂದಿದ್ದರು. ಸನ್ಯಾಸಿ ಕೆಟ್ಟದ್ದು ಯಾತರಿಂದ ಎಂದು ಬಲ್ಲ ನಮಗೆ ಇದು ಹೊಸದೇನಲ್ಲ. ಇಂದಿನ ಯಂತ್ರಗಳು ಹಿಡಿದದ್ದು ಈ ದಾರಿ. ಬಾರ್-ಹಿಲೆಲ್ ಹಗಲುಗನಸೆಂದ ವಿಶ್ವಕೋಶವನ್ನು ಯಾರೂ ಕೂತು ತುಂಬಲಿಲ್ಲ. ಕೋಟಿಗಟ್ಟಲೆ ವಾಕ್ಯಗಳ ಸಹವಾಸದಲ್ಲಿ ಅದರ ಬಹುಪಾಲು ತಾನಾಗಿ ಇಳಿಯಿತು. ಅವರ ಭವಿಷ್ಯ ಸುಳ್ಳಾಯಿತು, ಒಪ್ಪುತ್ತೇನೆ. ರೋಗ ಇಂಥದ್ದೆಂದು ಗುರುತಿಸಿದವರು ಮಾತ್ರ ಅವರೇ.

ಅವರ ಇನ್ನೊಂದು ಸಲಹೆಯನ್ನು ಜನ ಮರೆಯುತ್ತಾರೆ: ಕೆಲಸವನ್ನು ಯಂತ್ರ ಮತ್ತು ಮನುಷ್ಯ ಹಂಚಿಕೊಳ್ಳಲಿ ಎಂಬುದು. ನಮ್ಮಲ್ಲಿ ಕಾನ್ಪುರದ ಐಐಟಿಯಲ್ಲಿ ರಾಜೀವ್ ಸಂಗಲ್, ವಿನೀತ್ ಚೈತನ್ಯ ಮತ್ತು ಸಂಗಡಿಗರು ಪಾಣಿನಿಯ ಕಾರಕಗಳನ್ನು (ಕ್ರಿಯಾಪದಕ್ಕೂ ನಾಮಪದಗಳಿಗೂ ಇರುವ ನಂಟುಗಳನ್ನು) ಆಧಾರವಾಗಿಟ್ಟುಕೊಂಡು ‘ಅನುಸಾರಕ’ ಎಂಬ ಅನುವಾದ ವ್ಯವಸ್ಥೆ ಕಟ್ಟಿದಾಗ ಆದದ್ದೂ ಇದೇ ಬಗೆಯ ಹಂಚಿಕೆ. ಅದು ಕನ್ನಡವನ್ನು ಹಿಂದಿಗೆ ತರುತ್ತಿತ್ತು. ನಯವಾದ ಹಿಂದಿಯ ಭರವಸೆ ಕೊಡದೆ, ಕನ್ನಡದ ಜಾಡು ಹಿಡಿದ ಒರಟು ಹಿಂದಿಯನ್ನು ಓದುಗನ ಮುಂದಿಡುತ್ತಿತ್ತು. ಪ್ರತ್ಯಯಗಳನ್ನು ಬಿಡಿಸುವುದು ಯಂತ್ರದ ಪಾಲು. ಬೀನ್ಸಿಗೆ ಕಾಲಿಲ್ಲ ಎಂದು ತಿಳಿಯುವುದು ಓದುಗನ ಪಾಲು. ಆ ಒರಟುತನದಲ್ಲೊಂದು ಪ್ರಾಮಾಣಿಕತೆ ಇತ್ತು. ಎಲ್ಲಿ ಅನುಮಾನಿಸಬೇಕು ಎಂಬುದು ಓದುಗನಿಗೆ ಗೊತ್ತಾಗುತ್ತಿತ್ತು.

ಈಗಿನ ನಯವಾದ ಅನುವಾದದಲ್ಲಿ ನನಗೆ ಸಿಗದಿರುವುದು ಅದು. ನಮ್ಮ ಬೀದಿಯ ಮಾಂಸದಂಗಡಿಯವರು ಮೂವತ್ತು ವರ್ಷದಿಂದ ಕತ್ತಿ ಹಿಡಿದವರು. ಹೋದ ಭಾನುವಾರ ‘ಕುರಿ ಕಾಲು ಕೊಡಿ’ ಎಂದೆ. ಕತ್ತಿ ಎತ್ತಿದವರು ಹಾಗೇ ನಿಲ್ಲಿಸಿ ಕೇಳಿದರು: ‘ಕಾಲೋ ಸರ್, ಕಾಲು ಕೆಜಿಯೋ?’