ಹೋಮ್ಸ್ ಕೈಗೆ ಮೊಬೈಲ್ ಕೊಟ್ಟರೆ ಡಾಯ್ಲ್‌ಗೆ ಅವಮಾನವೇ?

ಪತ್ತೇದಾರಿ ಕಥೆಗಳ ಮಾತು ಬಂದಾಗಲೆಲ್ಲ ಯಾರಾದರೂ ಒಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ‘ಬಿಬಿಸಿಯವರು ಷರ್ಲಾಕ್ ಹೋಮ್ಸ್‌ನನ್ನು ಈ ಕಾಲಕ್ಕೆ ಎಳೆದು ತಂದರಲ್ಲ, ಕೈಗೆ ಮೊಬೈಲ್ ಕೊಟ್ಟು ಅಷ್ಟೊಂದು ತಮಾಷೆ ಮಾಡಿದರಲ್ಲ, ಅದು ಅವನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್‌ಗೆ ಅವಮಾನ ಅಲ್ವಾ?’ ಹೀಗೆ ಕೇಳುವವರಲ್ಲಿ ಹೆಚ್ಚಿನವರು ಮೂಲ ಕಥೆಗಳನ್ನು ಪ್ರೀತಿಯಿಂದ ಓದಿದವರು. ಹಾಗಾಗಿ ಸುಮ್ನೆ ‘ಇಲ್ಲ ಬಿಡಿ’ ಅಂದು ಮುಗಿಸಲು ಮನಸ್ಸು ಬರುವುದಿಲ್ಲ.

ನನ್ನ ಪ್ರಕಾರ ಅವಮಾನ ಖಂಡಿತ ಆಗಿಲ್ಲ. ಸ್ಟೀವನ್ ಮೊಫಟ್ ಮತ್ತು ಮಾರ್ಕ್ ಗೇಟಿಸ್ 2010ರಲ್ಲಿ ಶುರು ಮಾಡಿದ ‘ಷರ್ಲಾಕ್’ ಸರಣಿಯ ಒಳ್ಳೆಯ ತಮಾಷೆಗಳೆಲ್ಲ ಹುಟ್ಟಿರುವುದು ಡಾಯ್ಲ್ ಅವರ ಪುಟಗಳಲ್ಲೇ. ಮೂಲವನ್ನು ಸಾಲು ಸಾಲಾಗಿ ಓದಿ ಅರಗಿಸಿಕೊಂಡವರಿಗೆ ಮಾತ್ರ ಅಂಥ ತಮಾಷೆ ಹೊಳೆಯುತ್ತದೆ.

ಗಡಿಯಾರದ ಪ್ರಸಂಗವನ್ನೇ ನೋಡಿ. 1890ರ ‘ದಿ ಸೈನ್ ಆಫ್ ಫೋರ್’ ಕಾದಂಬರಿಯ ಆರಂಭದಲ್ಲಿ ಹೋಮ್ಸ್‌ನ ಗೆಳೆಯ ಡಾಕ್ಟರ್ ವಾಟ್ಸನ್ ತನ್ನ ಜೇಬುಗಡಿಯಾರವನ್ನು ಹೋಮ್ಸ್ ಕೈಗೆ ಕೊಟ್ಟು ಪರೀಕ್ಷೆ ಮಾಡುತ್ತಾನೆ. ಕೀಲಿ ತಿರುಗಿಸುವ ತೂತಿನ ಸುತ್ತ ಗೀರುಗಳಿವೆ. ಕುಡುಕನ ಕೈ ನಡುಗುತ್ತದೆ, ಕೀಲಿ ಜಾರಿ ಗೀರು ಬೀಳುತ್ತದೆ. ಇದು ನಿನ್ನ ಅಣ್ಣನದು, ಅವನು ಕುಡಿದು ಹಾಳಾದ ಅನ್ನುತ್ತಾನೆ ಹೋಮ್ಸ್. ಎಲ್ಲವೂ ಸರಿ. ವಾಟ್ಸನ್‌ಗೆ ಸಿಟ್ಟೇ ಬರುತ್ತದೆ.

ಸರಣಿಯ ಮೊದಲ ಕಂತಿನಲ್ಲಿ ಆ ಗಡಿಯಾರದ ಜಾಗಕ್ಕೆ ಮೊಬೈಲ್ ಬಂದಿದೆ. ಚಾರ್ಜರ್ ಚುಚ್ಚುವ ಕಿಂಡಿಯ ಸುತ್ತ ಗೀರುಗಳು. ರಾತ್ರಿ ಕುಡಿದು ಬಂದು ನಡುಗುವ ಕೈಯಲ್ಲಿ ಚಾರ್ಜಿಗೆ ಹಾಕಿದವರ ಗುರುತು ಅದು. ಹಿಂದೆ ‘ಹ್ಯಾರಿ’ ಅನ್ನುವ ಹೆಸರು ಕೆತ್ತಿದೆ. ಟ್ಯಾಕ್ಸಿಯಲ್ಲಿ ಕೂತು ಷರ್ಲಾಕ್ ಒಂದೇ ಉಸಿರಿಗೆ ಎಲ್ಲ ಹೇಳಿ ಮುಗಿಸುತ್ತಾನೆ: ನಿನ್ನ ಅಣ್ಣ, ಕುಡುಕ, ಹೆಂಡತಿಯನ್ನು ಬಿಟ್ಟಿದ್ದಾನೆ. ಜಾನ್, ಅಂದರೆ ಸರಣಿಯ ವಾಟ್ಸನ್, ಬೆರಗಾಗುತ್ತಾನೆ. ಟ್ಯಾಕ್ಸಿ ಇಳಿದ ಮೇಲೆ ನಿಧಾನವಾಗಿ ತಿಳಿಸುತ್ತಾನೆ, ಹ್ಯಾರಿ ಅಂದರೆ ಹ್ಯಾರಿಯೆಟ್. ಅಣ್ಣ ಅಲ್ಲ, ಅಕ್ಕ. ಷರ್ಲಾಕ್ ನಡುಬೀದಿಯಲ್ಲೇ ನಿಂತುಬಿಡುತ್ತಾನೆ. ಮೂಲ ಓದದವರಿಗೂ ಅಲ್ಲಿ ನಗು ಬರುತ್ತದೆ. ಓದಿದವರಿಗೆ ಇನ್ನೂ ಜಾಸ್ತಿ ಖುಷಿ, ಯಾಕೆಂದರೆ ಉತ್ತರ ಮೊದಲೇ ಗೊತ್ತಿದೆ ಅಂದುಕೊಂಡು ಕೂತಿದ್ದವರು ನಾವು.

ಅದೇ ಕಂತಿನಲ್ಲಿ ನೆಲದ ಮೇಲೆ ಗೀಚಿದ ‘ರಾಖೆ’ (RACHE) ಅನ್ನುವ ಅಕ್ಷರಗಳೂ ಹೀಗೇ. 1887ರ ‘ಎ ಸ್ಟಡಿ ಇನ್ ಸ್ಕಾರ್ಲೆಟ್’ನಲ್ಲಿ ಅದು ರೇಚಲ್ (RACHEL) ಅನ್ನುವ ಹೆಸರಿನ ಅರ್ಧ ಇರಬೇಕು ಅಂತ ಪೊಲೀಸ್ ಅಧಿಕಾರಿ ಲೆಸ್ಟ್ರೇಡ್ ಊಹಿಸುತ್ತಾನೆ. ಹೋಮ್ಸ್ ಅವನನ್ನು ತಿದ್ದುತ್ತಾನೆ: ಜರ್ಮನ್ ಭಾಷೆಯಲ್ಲಿ ‘ಸೇಡು’. ಸರಣಿಯಲ್ಲಿ ‘ಜರ್ಮನ್, ಸೇಡು’ ಎಂದು ಜಾಣತನ ತೋರಿಸಲು ಬರುವವನು ಪೊಲೀಸರ ಕಡೆಯ ಆ್ಯಂಡರ್ಸನ್. ಷರ್ಲಾಕ್ ಅವನ ಮುಖಕ್ಕೇ ಬಾಗಿಲು ಹಾಕುತ್ತಾನೆ. ಇಲ್ಲಿ ಅದು ನಿಜವಾಗಿಯೂ ರೇಚಲ್.

ಇನ್ನು, ಡಾಯ್ಲ್ ಅವರ ಹೋಮ್ಸ್ ಗಂಭೀರ ಅನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಸಿಗಾರುಗಳನ್ನು ಕಲ್ಲಿದ್ದಲ ಬುಟ್ಟಿಯಲ್ಲಿ, ತಂಬಾಕನ್ನು ಪರ್ಷಿಯನ್ ಚಪ್ಪಲಿಯ ತುದಿಯಲ್ಲಿ ಇಡುವವನು ಅವನು. ಕೂತ ಕುರ್ಚಿಯಿಂದಲೇ ಗುಂಡು ಹಾರಿಸಿ ಗೋಡೆಯ ಮೇಲೆ ರಾಣಿ ವಿಕ್ಟೋರಿಯಾಳ ಹೆಸರಿನ ಅಕ್ಷರ ಬಿಡಿಸುತ್ತಾನೆ. ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಅನ್ನುವುದೇ ಅವನಿಗೆ ಗೊತ್ತಿಲ್ಲ! ಸರಣಿಯಲ್ಲಿ ಆ ಅಕ್ಷರಗಳ ಬದಲು ಗೋಡೆಯ ಮೇಲೆ ಹಳದಿ ಬಣ್ಣದ ನಗುಮುಖ ಇದೆ, ಅದಕ್ಕೇ ಗುಂಡು. ಸೂರ್ಯನ ವಿಷಯವನ್ನು ಜಾನ್ ತನ್ನ ಬ್ಲಾಗಿನಲ್ಲಿ ಬರೆದುಬಿಡುತ್ತಾನೆ, ಊರಿಗೆಲ್ಲ ಗೊತ್ತಾಗುತ್ತದೆ, ಷರ್ಲಾಕ್‌ಗೆ ಕೋಪ. ಅಂದು ವಾಟ್ಸನ್ ಪತ್ರಿಕೆಗೆ ಬರೆಯುತ್ತಿದ್ದ, ಇಂದು ಬ್ಲಾಗ್ ಬರೆಯುತ್ತಾನೆ. ಅಷ್ಟೇ ಬದಲಾವಣೆ. ಅಂದು ತಂತಿ ಕಳಿಸುತ್ತಿದ್ದ ಹೋಮ್ಸ್ ಇಂದು ಮೆಸೇಜ್ ಕಳಿಸುತ್ತಾನೆ. ವಾಟ್ಸನ್ ಅಂದು ಗಾಯಗೊಂಡು ಬಂದದ್ದು 1880ರ ಮೈವಂದ್ ಕದನದಿಂದ, ಅಫ್ಘಾನಿಸ್ತಾನದಿಂದ. 2010ರಲ್ಲೂ ಅಫ್ಘಾನಿಸ್ತಾನದಿಂದಲೇ. ಅದೊಂದನ್ನು ಬದಲಿಸುವ ಅಗತ್ಯವೇ ಬೀಳಲಿಲ್ಲ ಅನ್ನುವುದು ನೆನೆದರೆ ಬೇಜಾರಾಗುತ್ತದೆ.

ಕಾಲ ಬದಲಿಸಿದ್ದೂ ಹೊಸದೇನಲ್ಲ. ಬೇಸಿಲ್ ರ‍್ಯಾತ್‌ಬೋನ್ ಹೋಮ್ಸ್ ಆಗಿ ನಟಿಸಿದ 14 ಸಿನಿಮಾಗಳಲ್ಲಿ ಮೊದಲ ಎರಡು ಮಾತ್ರ ಹಳೆಯ ಕಾಲದವು. 1942ರಿಂದ ಹೋಮ್ಸ್ ಎರಡನೇ ಮಹಾಯುದ್ಧದ ದಿನಗಳಲ್ಲಿ ಓಡಾಡಿದ. ಅನ್ಯಾಯ ಆಗಿದ್ದರೆ ಅಲ್ಲಿ ಆಗಿದೆ ಅನ್ನುತ್ತೇನೆ, ಅದೂ ವಾಟ್ಸನ್‌ಗೆ. ನೈಜೆಲ್ ಬ್ರೂಸ್ ಅವರ ವಾಟ್ಸನ್ ಪ್ರೀತಿ ಹುಟ್ಟಿಸುವ ಮುದುಕ, ಆದರೆ ಪೆದ್ದ. ಡಾಯ್ಲ್ ಬರೆದ ವಾಟ್ಸನ್ ಪೆದ್ದನಲ್ಲ. ಯುದ್ಧ ಕಂಡ ಡಾಕ್ಟರ್, ಧೈರ್ಯವಂತ. ಬಿಬಿಸಿ ಸರಣಿಯ ಮಾರ್ಟಿನ್ ಫ್ರೀಮನ್ ಅವರ ಜಾನ್‌ನಲ್ಲಿ ಆ ಮರ್ಯಾದೆ ವಾಪಸ್ ಬಂದಿದೆ. ಅವನು ಹುಬ್ಬೇರಿಸಿ ಸುಮ್ಮನೆ ನಿಂತರೂ ನಗು ಬರುತ್ತದೆ, ಆದರೆ ನಾವು ನಗುವುದು ಅವನ ಜೊತೆ.

ಡಾಯ್ಲ್ ಸ್ವತಃ ಏನನ್ನುತ್ತಿದ್ದರು? ನಟ ವಿಲಿಯಂ ಜಿಲೆಟ್ ಹೋಮ್ಸ್ ನಾಟಕ ಬರೆಯುವಾಗ, ಅವನಿಗೆ ಮದುವೆ ಮಾಡಿಸಬಹುದಾ ಅಂತ ತಂತಿ ಕಳಿಸಿ ಕೇಳಿದರಂತೆ. ಮದುವೆಯಾದರೂ ಮಾಡಿಸಿ, ಕೊಲೆಯಾದರೂ ಮಾಡಿಸಿ, ಏನು ಬೇಕಾದರೂ ಮಾಡಿ ಎನ್ನುವ ಅರ್ಥದ ಉತ್ತರ ಬಂತಂತೆ. ಡಾಯ್ಲ್ ಅವರೇ ಬರೆದ ಒಂದು ಪುಟ್ಟ ಅಣಕು ಕಥೆಯೂ 1924ರಲ್ಲಿ ಪ್ರಕಟವಾಯಿತು. ಅದರಲ್ಲಿ ವಾಟ್ಸನ್ ಹೋಮ್ಸ್‌ನನ್ನು ನೋಡಿ ಅವನಂತೆಯೇ ಒಂದಾದ ಮೇಲೊಂದು ಊಹೆ ಮಾಡುತ್ತಾನೆ. ಎಲ್ಲವೂ ತಪ್ಪು.

ಎಲ್ಲ ಕಂತುಗಳೂ ಒಂದೇ ಮಟ್ಟದವಲ್ಲ. 2017ರ ನಾಲ್ಕನೇ ಸೀಸನ್‌ನಲ್ಲಿ ಭಾರ ಜಾಸ್ತಿಯಾಯಿತು, ಇಬ್ಬರ ಹರಟೆಗೆ ಜಾಗ ಕಡಿಮೆಯಾಯಿತು.

ನನಗೆ ತುಂಬ ಇಷ್ಟ 2014ರ ಮದುವೆ ಕಂತು. ಷರ್ಲಾಕ್ ಏನು ಗಮನಿಸುತ್ತಾನೋ ಅದು ಪರದೆಯ ಮೇಲೆ ಅಕ್ಷರಗಳಾಗಿ ಮೂಡುವುದು ಈ ಸರಣಿಯ ರೂಢಿ. ಮದುವೆಗೆ ಮುಂಚಿನ ಪಾರ್ಟಿಯಲ್ಲಿ ಇಬ್ಬರೂ ಚೆನ್ನಾಗಿ ಕುಡಿದಿದ್ದಾರೆ. ಆ ಸ್ಥಿತಿಯಲ್ಲೇ ಒಂದು ಮನೆಗೆ ತನಿಖೆಗೆ ಹೋಗುತ್ತಾರೆ. ಅಲ್ಲೊಂದು ಕುರ್ಚಿ. ಅಕ್ಷರಗಳು ಮಸುಕಾಗಿ ತೇಲುತ್ತವೆ: ‘ಮೊಟ್ಟೆ? ಕುರ್ಚಿ? ಕೂರುವಂಥದ್ದು?’ ಮದುವೆಯ ದಿನ ಅದೇ ಷರ್ಲಾಕ್ ಎದ್ದು ನಿಂತು, ಪ್ರೀತಿ ತಣ್ಣನೆಯ ವಿವೇಕಕ್ಕೆ ವಿರುದ್ಧ, ಹಾಗಾಗಿ ಜಾನ್, ನಿನ್ನನ್ನು ಅಭಿನಂದಿಸಲಾರೆ ಅನ್ನುತ್ತಾನೆ. ‘ದಿ ಸೈನ್ ಆಫ್ ಫೋರ್’ನ ಕೊನೆಯಲ್ಲಿ ವಾಟ್ಸನ್ ಮದುವೆಯ ಸುದ್ದಿ ಹೇಳಿದಾಗ ಹೋಮ್ಸ್ ಆಡುವ ಮಾತೇ ಇದು. ಅಲ್ಲಿ ಮಾತು ಬೇಗ ಮುಗಿಯುತ್ತದೆ. ಇಲ್ಲಿ ಭಾಷಣ ಮುಂದುವರಿದು, ಬಂದ ನೆಂಟರೆಲ್ಲ ಕಣ್ಣೊರೆಸಿಕೊಳ್ಳುತ್ತಾರೆ. ಯಾಕೆ ಅಳುತ್ತಿದ್ದಾರೆ ಅಂತ ಅವನಿಗೆ ಮಾತ್ರ ತಿಳಿಯುವುದಿಲ್ಲ.

ಇನ್ನೂ ನೋಡಿಲ್ಲದಿದ್ದರೆ ಮೊದಲು ‘ದಿ ಸೈನ್ ಆಫ್ ಫೋರ್’ ಓದಿ. ಆಮೇಲೆ ಮೊದಲ ಕಂತಿನಿಂದ ಶುರು ಮಾಡಿ.