ಬೆಂಗಳೂರು ಗ್ರಾಮಾಂತರದ ಚುನಾವಣಾ ಲೆಕ್ಕ: ಕೆಲಸ ಎಲ್ಲಿಗೆ ಬಂತು

ಬೆಂಗಳೂರು ಗ್ರಾಮಾಂತರಕ್ಕೆ ಮೊದಲು ಕನಕಪುರ ಲೋಕಸಭಾ ಕ್ಷೇತ್ರ ಇದ್ದ ಕಾಲದಿಂದ 2024ರವರೆಗಿನ ಫಲಿತಾಂಶಗಳನ್ನು ಒಂದೇ ಕಡತಕ್ಕೆ ತರುವ ಕೆಲಸ ಇದು. ಲೋಕಸಭಾ ಮಟ್ಟದ ಹಾಳೆ ಮುಗಿದಿದೆ, ವಿಧಾನಸಭಾ ಕ್ಷೇತ್ರವಾರು ಹಾಳೆ ನಡೆಯುತ್ತಿದೆ, ಮತಗಟ್ಟೆವಾರು ಹಾಳೆ ಈಗಷ್ಟೇ ಶುರುವಾಗಿದೆ. ಇದೇ ಕೆಲಸಕ್ಕೆ ಕೈಹಾಕುವವರು ಎಲ್ಲೆಲ್ಲಿ ಎಡವುತ್ತಾರೆ ಎಂಬುದನ್ನೂ ಜೊತೆಗೇ ಬರೆದಿಡಲಾಗಿದೆ.

ಮೊದಲು ಹೆಸರಿನ ಗೋಜಲು

ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರಕ್ಕೂ ಬೆಂಗಳೂರು ಗ್ರಾಮಾಂತರ ಜಿಲ್ಲೆಗೂ ಈಗ ಸಂಬಂಧವೇ ಇಲ್ಲ. ಜಿಲ್ಲೆಯ ನಾಲ್ಕು ವಿಧಾನಸಭಾ ಕ್ಷೇತ್ರಗಳಾದ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ನಾಲ್ಕೂ ಚಿಕ್ಕಬಳ್ಳಾಪುರ ಲೋಕಸಭೆಗೆ ಸೇರಿವೆ. ಗ್ರಾಮಾಂತರ ಲೋಕಸಭೆಯಲ್ಲಿರುವ ಎಂಟು ಇವು: ಕುಣಿಗಲ್ (ತುಮಕೂರು ಜಿಲ್ಲೆ), ರಾಜರಾಜೇಶ್ವರಿನಗರ, ಬೆಂಗಳೂರು ದಕ್ಷಿಣ, ಆನೇಕಲ್ (ಬೆಂಗಳೂರು ನಗರ ಜಿಲ್ಲೆ), ಮಾಗಡಿ, ರಾಮನಗರ, ಕನಕಪುರ, ಚನ್ನಪಟ್ಟಣ. 2001ರ ಜನಗಣತಿಯ ಹೊತ್ತಿಗೆ ಕೊನೆಯ ನಾಲ್ಕು ತಾಲ್ಲೂಕುಗಳು ಗ್ರಾಮಾಂತರ ಜಿಲ್ಲೆಯಲ್ಲೇ ಇದ್ದವು. 2007ರಲ್ಲಿ ರಾಮನಗರ ಜಿಲ್ಲೆ ಬೇರೆಯಾಯಿತು, 2008ರ ಪುನರ್ವಿಂಗಡಣೆಯಲ್ಲಿ (ಕ್ಷೇತ್ರಗಳ ಗಡಿ ಹೊಸದಾಗಿ ಗುರುತಿಸಿದಾಗ) ಕನಕಪುರದ ಬದಲು ಬಂದ ಲೋಕಸಭಾ ಕ್ಷೇತ್ರಕ್ಕೆ ಹಳೆಯ ಜಿಲ್ಲೆಯ ಹೆಸರೇ ಬಂತು.

'ಬೆಂಗಳೂರು ದಕ್ಷಿಣ' ಇದಕ್ಕಿಂತ ತಲೆನೋವು. ಆ ಹೆಸರಿನ ವಿಧಾನಸಭಾ ಕ್ಷೇತ್ರ ಗ್ರಾಮಾಂತರ ಲೋಕಸಭೆಯಲ್ಲಿದೆ. ಆ ಹೆಸರಿನ ಲೋಕಸಭಾ ಕ್ಷೇತ್ರ ಬಸವನಗುಡಿ, ಜಯನಗರ, ಪದ್ಮನಾಭನಗರದ ಕಡೆಯದು. ಸಾಲದ್ದಕ್ಕೆ 2025ರಲ್ಲಿ ರಾಮನಗರ ಜಿಲ್ಲೆಗೂ ಅದೇ ಹೆಸರಿಟ್ಟರು. ಹೆಸರಿನ ಮೇಲೆ ಹಾಳೆ ಜೋಡಿಸಿದರೆ ಮೂರೂ ಕಲಸಿಹೋಗುತ್ತವೆ. ಆದ್ದರಿಂದ ಹೆಸರನ್ನು ಬಿಟ್ಟು ಸಂಖ್ಯೆ ಹಿಡಿಯಬೇಕು: ಲೋಕಸಭೆಗೆ 23, ವಿಧಾನಸಭೆಗೆ ಕುಣಿಗಲ್ 131, ರಾಜರಾಜೇಶ್ವರಿನಗರ 154, ಬೆಂಗಳೂರು ದಕ್ಷಿಣ 176, ಆನೇಕಲ್ 177, ಮಾಗಡಿ 182, ರಾಮನಗರ 183, ಕನಕಪುರ 184, ಚನ್ನಪಟ್ಟಣ 185. ಈ ಸಂಖ್ಯೆಗಳೂ 2008ರಿಂದ ಈಚೆಗೆ ಮಾತ್ರ ಸರಿ.

ಕನಕಪುರದ ಹಾಳೆ

ಇದು ಬೇಗ ಮುಗಿಯಿತು. 1967ರಲ್ಲಿ ಎಂ.ವಿ. ರಾಜಶೇಖರನ್, 1971ರಲ್ಲಿ ಸಿ.ಕೆ. ಜಾಫರ್ ಷರೀಫ್, 1977ರಿಂದ 1991ರವರೆಗೆ ಐದು ಸಲ ಎಂ.ವಿ. ಚಂದ್ರಶೇಖರ ಮೂರ್ತಿ, ಎಲ್ಲರೂ ಕಾಂಗ್ರೆಸ್. 1996ರಲ್ಲಿ ಜನತಾದಳದಿಂದ ಎಚ್.ಡಿ. ಕುಮಾರಸ್ವಾಮಿ, 1998ರಲ್ಲಿ ಬಿಜೆಪಿಯಿಂದ ಎಂ. ಶ್ರೀನಿವಾಸ್, 1999ರಲ್ಲಿ ಮತ್ತೆ ಚಂದ್ರಶೇಖರ ಮೂರ್ತಿ. ನಾಲ್ಕು ವರ್ಷದೊಳಗೆ ಮೂರು ಪಕ್ಷ ಕಂಡ ಕ್ಷೇತ್ರ. 2002ರ ಉಪಚುನಾವಣೆಯಲ್ಲಿ ಎಚ್.ಡಿ. ದೇವೇಗೌಡರು ಡಿ.ಕೆ. ಶಿವಕುಮಾರ್ ಅವರನ್ನು ಸೋಲಿಸಿದರು. 2004ರಲ್ಲಿ ಅದೇ ದೇವೇಗೌಡರು ಇಲ್ಲಿ ಕಾಂಗ್ರೆಸ್ಸಿನ ತೇಜಸ್ವಿನಿ ಗೌಡರ ಎದುರು ಸೋತು, ಹಾಸನದಿಂದ ಲೋಕಸಭೆಗೆ ಹೋದರು.

ಪಕ್ಷದ ಕಾಲಮ್ಮಿನಲ್ಲಿ ಎರಡು ಎಚ್ಚರಿಕೆ. 1980ರ ದಾಖಲೆಯಲ್ಲಿ 'ಕಾಂಗ್ರೆಸ್ (ಐ)' ಎಂದಿರುತ್ತದೆ. 1996ರ ಜನತಾದಳವೂ 2002ರ ಜೆಡಿಎಸ್ಸೂ ಒಂದೇ ಅಲ್ಲ. ದಾಖಲೆಯಲ್ಲಿ ಇದ್ದ ಹೆಸರಿಗೆ ಒಂದು ಕಾಲಮ್ಮು, ನಾವು ಗುಂಪು ಮಾಡಿದ ಹೆಸರಿಗೆ ಇನ್ನೊಂದು ಇಡಬೇಕು. ಒಂದರ ಮೇಲೊಂದು ಬರೆದರೆ ಹಿಂದಕ್ಕೆ ಹೋಗುವ ದಾರಿ ಇರುವುದಿಲ್ಲ. ವ್ಯಕ್ತಿಗಳ ಹೆಸರಿಗೂ ಇದೇ ಕ್ರಮ. ತೇಜಸ್ವಿನಿ ಗೌಡ, ತೇಜಸ್ವಿನಿ ಶ್ರೀರಮೇಶ್ ಇಬ್ಬರಲ್ಲ, ಒಬ್ಬರೇ.

ಈ ಹಾಳೆಯನ್ನು 2009ರ ನಂತರದ್ದಕ್ಕೆ ನೇರ ಗೆರೆ ಎಳೆದು ಜೋಡಿಸಿಲ್ಲ. ಸಾತನೂರು, ಉತ್ತರಹಳ್ಳಿ ವಿಧಾನಸಭಾ ಕ್ಷೇತ್ರಗಳು 2008ರಲ್ಲಿ ಅಳಿಸಿಹೋದವು. ನಡುವೆ ಒಂದು ಖಾಲಿ ಸಾಲು ಬಿಟ್ಟು 'ಗಡಿ ಬದಲು' ಎಂದು ಬರೆಯುವುದೇ ಪ್ರಾಮಾಣಿಕ ಕೆಲಸ.

2009ರಿಂದ ಈಚೆಗೆ

2009: ಕುಮಾರಸ್ವಾಮಿ (ಜೆಡಿಎಸ್) 4,93,302, ಸಿ.ಪಿ. ಯೋಗೇಶ್ವರ್ (ಬಿಜೆಪಿ) 3,63,027. ತೇಜಸ್ವಿನಿ ಗೌಡ (ಕಾಂಗ್ರೆಸ್) 1,92,822.
2013 ಉಪಚುನಾವಣೆ: ಡಿ.ಕೆ. ಸುರೇಶ್ (ಕಾಂಗ್ರೆಸ್) 5,78,608. ಅನಿತಾ ಕುಮಾರಸ್ವಾಮಿ (ಜೆಡಿಎಸ್) 4,41,601.
2014: ಸುರೇಶ್ 6,52,723, ಪಿ. ಮುನಿರಾಜು ಗೌಡ (ಬಿಜೆಪಿ) 4,21,243, ಆರ್. ಪ್ರಭಾಕರ ರೆಡ್ಡಿ (ಜೆಡಿಎಸ್) 3,17,870.
2019: ಸುರೇಶ್ 8,78,258, ಅಶ್ವತ್ಥನಾರಾಯಣ ಗೌಡ (ಬಿಜೆಪಿ) 6,71,388.
2024: ಡಾ. ಸಿ.ಎನ್. ಮಂಜುನಾಥ್ (ಬಿಜೆಪಿ) 10,79,002, ಸುರೇಶ್ 8,09,355.

ಗೆಲುವಿನ ಅಂತರವನ್ನಷ್ಟೇ ನೋಡಿದರೆ ಈ ಪಟ್ಟಿ ದಾರಿ ತಪ್ಪಿಸುತ್ತದೆ. 2014ರಲ್ಲಿ ಸುರೇಶ್ ಅಂತರ 2,31,480, ಭಾರೀ ಗೆಲುವು. ಆದರೆ ಅವತ್ತು ಬಿಜೆಪಿ, ಜೆಡಿಎಸ್ ಮತ ಕೂಡಿಸಿದರೆ 7,39,113. ಅಂದರೆ ಸುರೇಶ್ ಪಡೆದದ್ದಕ್ಕಿಂತ 86,390 ಜಾಸ್ತಿ. 2024ರ ಬಿಜೆಪಿ-ಜೆಡಿಎಸ್ ಮೈತ್ರಿಯ ಅಂಕಗಣಿತ ಹತ್ತು ವರ್ಷ ಮೊದಲೇ ಕಾಗದದ ಮೇಲಿತ್ತು.

ಹಾಗಂತ ಮತಗಳನ್ನು ಸುಮ್ಮನೆ ಕೂಡಿಸುವಂತೆಯೂ ಇಲ್ಲ. 2019ರಲ್ಲಿ ಕಾಂಗ್ರೆಸ್, ಜೆಡಿಎಸ್ ಒಂದಾಗಿದ್ದವು. 2014ರ ಅವರ ಮತಗಳ ಮೊತ್ತ 9,70,593. ಕೈಗೆ ಬಂದದ್ದು 8,78,258. ಮತದಾರರು ಹೆಚ್ಚಿದ್ದರೂ 92,335 ಕಡಿಮೆ. ಅದೇ ಅವಧಿಯಲ್ಲಿ ಬಿಜೆಪಿ 2,50,145 ಮತ ಹೆಚ್ಚಿಸಿಕೊಂಡಿತು. ಆ ವರ್ಷ ರಾಜ್ಯದಲ್ಲಿ ಕಾಂಗ್ರೆಸ್ ಗೆದ್ದ ಒಂದೇ ಸೀಟು ಇದು ಎಂಬ ಸುದ್ದಿಯ ಸದ್ದಿನಲ್ಲಿ ಈ ಅಂಕಿ ಯಾರ ಕಣ್ಣಿಗೂ ಬೀಳಲಿಲ್ಲ.

2024ರಲ್ಲಿ ಸುರೇಶ್ ಕಳೆದುಕೊಂಡದ್ದು 68,903 ಮತ, ಬಿಜೆಪಿ ಗಳಿಸಿದ್ದು 4,07,614. 'ಸುರೇಶ್ ಮತ ಕುಸಿಯಿತು' ಎನ್ನುವುದು ಅರ್ಧ ಸತ್ಯ. ಎದುರು ತಕ್ಕಡಿ ತುಂಬಿತು ಎನ್ನುವುದು ಹೆಚ್ಚು ಸರಿ. ತಕ್ಕಡಿಗೆ ಬಿದ್ದದ್ದರಲ್ಲಿ ಮೈತ್ರಿಯ ಜೆಡಿಎಸ್ ಮತವೂ ಇದೆ, ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿದ್ದ ಅಭ್ಯರ್ಥಿಯ ಹೆಸರೂ ಇದೆ, ಮೂರು ನಗರ ಕ್ಷೇತ್ರಗಳ ಹೊಸ ಬಡಾವಣೆಗಳೂ ಇವೆ. 2023ರ ಮೇನಲ್ಲಿ ಈ ಎಂಟರಲ್ಲಿ ಕಾಂಗ್ರೆಸ್ ಐದು, ಬಿಜೆಪಿ ಎರಡು, ಜೆಡಿಎಸ್ ಒಂದು ಗೆದ್ದಿದ್ದವು. ಸೀಟು ಎಣಿಸಿದವರು ಮುಂದಿನ ವರ್ಷ ಏಮಾರಿದ್ದು ಇಲ್ಲೇ. ವಿಧಾನಸಭೆಯಲ್ಲಿ ಕನಕಪುರಕ್ಕೂ ಬೆಂಗಳೂರು ದಕ್ಷಿಣಕ್ಕೂ ಒಂದೊಂದೇ ಸೀಟು. ಲೋಕಸಭೆಯಲ್ಲಿ ತೂಕ ಹಾಕುವುದು ತಲೆಯನ್ನು, ಅಲ್ಲಿ ದಕ್ಷಿಣದ್ದೇ ಭಾರ.

ನಮೂನೆ 20ರ ಕೆಲಸ

ಮತಗಟ್ಟೆವಾರು ಲೆಕ್ಕ ಸಿಗುವುದು ನಮೂನೆ 20ರಲ್ಲಿ, ಅಂದರೆ ಚುನಾವಣಾಧಿಕಾರಿಯ ಅಂತಿಮ ಫಲಿತಾಂಶದ ಪಟ್ಟಿಯಲ್ಲಿ. ಪ್ರತಿ ಸಾಲು ಒಂದು ಮತಗಟ್ಟೆ. ಅಭ್ಯರ್ಥಿವಾರು ಮತ, ಒಟ್ಟು ಸಿಂಧು ಮತ, ತಿರಸ್ಕೃತ, ನೋಟಾ ('ಮೇಲಿನ ಯಾರೂ ಅಲ್ಲ' ಎಂಬ ಮತ), ಒಟ್ಟು. ಹಲವು ಪುಟಗಳು ಸ್ಕ್ಯಾನ್ ಚಿತ್ರಗಳು. ಯಂತ್ರದಿಂದ ಓದಿಸಿದರೆ 1 ಹೋಗಿ 7 ಆಗುತ್ತದೆ, 3 ಹೋಗಿ 8. 'ನುಡಿ' ತಂತ್ರಾಂಶದ ಹಳೆಯ ಅಕ್ಷರದಲ್ಲಿ ಮಾಡಿದ ಪುಟಗಳಿಂದ ಊರ ಹೆಸರು ನಕಲಿಸಿದರೆ ಯುನಿಕೋಡಿಗೆ ಪರಿವರ್ತಿಸುವ ತನಕ ಕಸವೇ ಕಾಣುವುದು.

ತಾಳೆ ನೋಡುವ ಕ್ರಮ: ಮೊದಲು ಸಾಲಿನ ಮೊತ್ತ, ಆಮೇಲೆ ಪುಟದಡಿಯ ಮೊತ್ತ, ಕೊನೆಗೆ ಕ್ಷೇತ್ರದ ಮೊತ್ತ. ವ್ಯತ್ಯಾಸ 9ರಿಂದ ಭಾಗವಾದರೆ ಪಕ್ಕದ ಎರಡು ಅಂಕಿ ಅದಲುಬದಲಾಗಿರುವ ಸಂಭವ ಹೆಚ್ಚು, 54ರ ಜಾಗದಲ್ಲಿ 45 ಎಂಬಂತೆ. ಅಂಗಡಿಯ ಲೆಕ್ಕಪತ್ರ ಬರೆಯುವವರಿಗೆ ಇದು ಹಳೆಯ ಉಪಾಯ.

ಎಂಟೂ ಕ್ಷೇತ್ರಗಳನ್ನು ಕೂಡಿಸಿದರೂ ಲೋಕಸಭಾ ಮೊತ್ತಕ್ಕೆ ಕೆಲವು ಸಾವಿರ ಕಡಿಮೆ ಬಂದರೆ ತಪ್ಪು ಹುಡುಕುತ್ತಾ ಕೂರಬೇಡಿ. ಲೋಕಸಭಾ ಚುನಾವಣೆಯಲ್ಲಿ ಅಂಚೆ ಮತಗಳ ಎಣಿಕೆ ಇಡೀ ಕ್ಷೇತ್ರಕ್ಕೆ ಒಂದೇ, ಚುನಾವಣಾಧಿಕಾರಿಯ ಮೇಜಿನಲ್ಲಿ. ಅವು ಯಾವ ವಿಧಾನಸಭಾ ಹಾಳೆಗೂ ಸೇರುವುದಿಲ್ಲ. ಒಂಬತ್ತನೇ ಸಾಲು ಹಾಕಿ 'ಅಂಚೆ' ಎಂದು ಬರೆಯಿರಿ. ಕೊರತೆ ಅಂಚೆ ಮತಕ್ಕೆ ಸರಿಹೊಂದದಿದ್ದರೆ ಮಾತ್ರ ತಪ್ಪಿದೆ ಎಂದರ್ಥ.

ನೋಟಾ ಕಾಲಮ್ಮು 2014ರಿಂದ. ಸುಪ್ರೀಂ ಕೋರ್ಟ್ ತೀರ್ಪು ಬಂದದ್ದು 2013ರ ಸೆಪ್ಟೆಂಬರಿನಲ್ಲಿ, ಇಲ್ಲಿನ ಉಪಚುನಾವಣೆ ಮುಗಿದದ್ದು ಆಗಸ್ಟಿನಲ್ಲಿ. 2013ರ ಸಾಲಿನಲ್ಲಿ ಸೊನ್ನೆ ಹಾಕಿದರೆ ತಪ್ಪು, ಖಾಲಿ ಬಿಡಬೇಕು. ಆ ಉಪಚುನಾವಣೆಯಲ್ಲಿ ಬಿಜೆಪಿ ಅಭ್ಯರ್ಥಿಯನ್ನೇ ಹಾಕಿರಲಿಲ್ಲ, ಆ ಕೋಶಕ್ಕೂ ಇದೇ ನಿಯಮ. ಸೊನ್ನೆ ಹಾಕಿಬಿಟ್ಟರೆ ರೇಖಾಚಿತ್ರದಲ್ಲಿ ಪಕ್ಷ ಪಾತಾಳಕ್ಕೆ ಬಿದ್ದು ಎಂಟು ತಿಂಗಳಲ್ಲಿ ಎದ್ದುಬಂದ ಹಾಗೆ ಕಾಣುತ್ತದೆ.

2024ರ ಕಣದಲ್ಲಿ ಮಂಜುನಾಥ, ಸುರೇಶ ಎಂಬ ಹೆಸರಿನ ಬೇರೆಯವರೂ ಇದ್ದರು. ಹೆಸರು ಹುಡುಕಿ ಮತ ಕೂಡಿಸುವ ಸೂತ್ರ ಬರೆದರೆ ಅವರ ಮತಗಳೂ ಸೇರಿಕೊಳ್ಳುತ್ತವೆ. ಮತಪತ್ರದ ಕ್ರಮಸಂಖ್ಯೆಯನ್ನೇ ಗುರುತಾಗಿ ಬಳಸಿ.

ನಕ್ಷೆ ಮತ್ತು ಬಾಕಿ ಕೆಲಸ

ತಾಲ್ಲೂಕಿನ ಗಡಿಯನ್ನೇ ಕ್ಷೇತ್ರದ ಗಡಿ ಎಂದು ಬಣ್ಣ ತುಂಬಿದ ನಕ್ಷೆಗಳು ತುಂಬಾ ಇವೆ. ಕನಕಪುರ ತಾಲ್ಲೂಕಿನಲ್ಲಿದ್ದ ಹಾರೋಹಳ್ಳಿ, ಮರಳವಾಡಿ ಹೋಬಳಿಗಳು ರಾಮನಗರ ವಿಧಾನಸಭೆಗೆ ಸೇರಿವೆ. ಹಾರೋಹಳ್ಳಿ ಈಗ ಬೇರೆ ತಾಲ್ಲೂಕೇ ಆಗಿರುವುದರಿಂದ ಗೊಂದಲ ಇನ್ನೊಂದು ಸುತ್ತು. ಆದ್ದರಿಂದ ಹಳ್ಳಿಯ ಕಡೆ ಹೋಬಳಿ ಹಿಡಿದು ಬಿಡಿಸಬೇಕು. ನಗರದ ಕಡೆ ಬೆಂಗಳೂರು ಮಹಾನಗರ ಪಾಲಿಕೆಯ (ಬಿಬಿಎಂಪಿ) 198 ವಾರ್ಡಿನ ನಕ್ಷೆ ಹೊದಿಸಿದರೆ ಅಂಚು ಕೂಡುವುದಿಲ್ಲ, ಏಕೆಂದರೆ ಪುನರ್ವಿಂಗಡಣೆಗೆ ಆಧಾರ 2001ರ ಜನಗಣತಿ, ಆಗ ಬಿಬಿಎಂಪಿಯೇ ಹುಟ್ಟಿರಲಿಲ್ಲ.

ಸದ್ಯ ಸಿಕ್ಕಿಕೊಂಡಿರುವುದು ಮತಗಟ್ಟೆ ಜೋಡಣೆಯಲ್ಲಿ. ಮತದಾರರು ಹೆಚ್ಚಿದ ಕಡೆ ಹೆಚ್ಚುವರಿ ಮತಗಟ್ಟೆ ಸೇರಿ ಮುಂದಿನ ಸಂಖ್ಯೆಗಳೆಲ್ಲ ಜರುಗುತ್ತವೆ. ಹಾಗಾಗಿ 2019ರ 112ನೇ ಮತಗಟ್ಟೆಯೇ 2024ರ 112 ಎನ್ನುವಂತಿಲ್ಲ. ಶಾಲೆ ಮತ್ತು ಕೊಠಡಿಯ ಹೆಸರು ಹಿಡಿದು ಜೋಡಿಸಲಾಗುತ್ತಿದೆ. ಕನಕಪುರ, ಮಾಗಡಿಯ ಊರುಗಳಲ್ಲಿ ಇದು ಸಲೀಸು, ಊರಿಗೊಂದು ಶಾಲೆ. ಬೆಂಗಳೂರು ದಕ್ಷಿಣದಲ್ಲಿ ಒಂದೇ ಖಾಸಗಿ ಶಾಲೆಯ ಕಟ್ಟಡದಲ್ಲಿ ಹಲವು ಮತಗಟ್ಟೆ. ಅಲ್ಲಿ ಕೊಠಡಿ ಬಿಟ್ಟು ಕಟ್ಟಡದ ಮಟ್ಟದಲ್ಲೇ ಮತ ಕೂಡಿಸಿ ಹೋಲಿಸುವುದೆಂದು ತೀರ್ಮಾನವಾಗಿದೆ. ಮೊದಲು ಆನೇಕಲ್, ಆಮೇಲೆ ದಕ್ಷಿಣ.