ಚಿಕ್ಕಮಗಳೂರಿನಲ್ಲಿ ಆವಿಯ ತೂಕ ಲೆಕ್ಕ ಹಾಕುವಾಗ 101.3 ಬೇಡ

ಪಿವಿ = ಎನ್‌ಆರ್‌ಟಿ ಎಂಬ ಅನಿಲಗಳ ಸೂತ್ರ ಬಾಯಿಪಾಠ ಇದ್ದವರೂ ಎಡವುವುದು ‘ಪಿ’, ಅಂದರೆ ಒತ್ತಡದ ಹತ್ತಿರ. ಪುಸ್ತಕದ ಲೆಕ್ಕಗಳಲ್ಲಿ ಸಾಮಾನ್ಯವಾಗಿ ಇರುವ 101.3 ಕಿಲೋಪಾಸ್ಕಲ್ ಸಮುದ್ರಮಟ್ಟದ ಒತ್ತಡ. ಸಾವಿರ ಮೀಟರ್ ದಾಟಿದ ಚಿಕ್ಕಮಗಳೂರಿನಲ್ಲಿ ಅದು 89ರ ಆಸುಪಾಸು, ಹಾಸನದಲ್ಲಿ 90. ಈ ಶೇಕಡ 12ರ ವ್ಯತ್ಯಾಸ ನೇರವಾಗಿ ಉತ್ತರಕ್ಕೆ ಇಳಿಯುತ್ತದೆ. ಮೊಬೈಲಿನ ಹವಾಮಾನ ಆ್ಯಪ್ ನೋಡಿ ಬರೆದುಕೊಂಡರೂ ತಪ್ಪೇ. ಅದರಲ್ಲಿ ಕಾಣುವ 1,012 ಹೆಕ್ಟೊಪಾಸ್ಕಲ್‌ನಂಥ ಅಂಕಿ ಸಮುದ್ರಮಟ್ಟಕ್ಕೆ ಹೊಂದಿಸಿದ್ದು. ಗಾಳಿಯ ಒತ್ತಡ ಅಳೆಯುವ ಲ್ಯಾಬಿನ ಬ್ಯಾರೋಮೀಟರನ್ನೇ ಓದಬೇಕು.

ಕಾನಿಕಲ್ ಫ್ಲಾಸ್ಕಿನಲ್ಲಿ ಅಸಿಟೋನ್ ಎಂಬ ದ್ರವದ ಆವಿಯನ್ನು ತೂಗಿ ಅದರ ಅಣುತೂಕ ಕಂಡುಹಿಡಿಯುವ ಲೆಕ್ಕ ನೋಡೋಣ. ಖಾಲಿ ಫ್ಲಾಸ್ಕನ್ನು ಫಾಯಿಲ್ ಸಮೇತ ಮೊದಲೇ ತೂಗಿಟ್ಟುಕೊಳ್ಳಿ. ಮೂರು-ನಾಲ್ಕು ಮಿ.ಲೀ. ಅಸಿಟೋನ್ ಹಾಕಿ, ಬಾಯಿಗೆ ಅಲ್ಯೂಮಿನಿಯಂ ಫಾಯಿಲ್ ಬಿಗಿದು, ಸೂಜಿಯಿಂದ ಒಂದೇ ತೂತು ಮಾಡಿ, ಕುದಿಯುವ ನೀರಿನಲ್ಲಿ ಕುತ್ತಿಗೆವರೆಗೂ ಮುಳುಗಿಸಿ. ಬೆಂಕಿ ಉರಿಯುವ ಒಲೆ ಬೇಡ, ಹಾಟ್‌ಪ್ಲೇಟ್ ಇರಲಿ. ಅಸಿಟೋನ್ ಆವಿಗೆ ಬೆಂಕಿ ಬೇಗ ಹತ್ತುತ್ತದೆ. ದ್ರವ ಪೂರ್ತಿ ಆವಿಯಾದ ಮೇಲೆ ಒಳಗೆ ಉಳಿಯುವುದು ಹೊರಗಿನ ಒತ್ತಡದ ಆವಿ ಮಾತ್ರ.

ಇಲ್ಲಿ ನೀರು ಕುದಿಯುವುದೂ 100ಕ್ಕಲ್ಲ, 96.4 ಡಿಗ್ರಿ ಸೆಲ್ಸಿಯಸ್‌ಗೆ. ಅಂದರೆ 369.5 ಕೆಲ್ವಿನ್. ಗಾತ್ರಕ್ಕೆ ಫ್ಲಾಸ್ಕಿನ ಮೇಲೆ ಅಚ್ಚಾದ 250 ನಂಬಬೇಡಿ. ಅಂಚಿನವರೆಗೆ ನೀರು ತುಂಬಿ, ಅಳತೆ ಜಾಡಿಗೆ ಸುರಿದು ನೋಡಿ. 285 ಮಿ.ಲೀ. ಬಂತು ಎನ್ನಿ.

ಒತ್ತಡ (ಪಾಸ್ಕಲ್) × ಗಾತ್ರ (ಘನ ಮೀಟರ್) × ಅಣುತೂಕ ÷ (ಅನಿಲ ಸ್ಥಿರಾಂಕ 8.314 × ಕೆಲ್ವಿನ್ ತಾಪಮಾನ) = ಆವಿಯ ತೂಕ. ಅಸಿಟೋನಿನ ಅಣುತೂಕ 58.08, ಹಾಗಾಗಿ:

89,000 × 0.000285 × 58.08 ÷ (8.314 × 369.5) = 0.48 ಗ್ರಾಂ.

101.3 ಹಾಕಿದ್ದರೆ 0.55 ಬರುತ್ತಿತ್ತು. 250 ಮಿ.ಲೀ. ಹಾಕಿದ್ದರೆ 0.42.

ಆದರೂ ಫ್ಲಾಸ್ಕನ್ನು ತಣಿಸಿ ತೂಗಿ, ಖಾಲಿ ಫ್ಲಾಸ್ಕಿನ ತೂಕ ಕಳೆದರೆ 0.48 ಸಿಗುವುದಿಲ್ಲ, 0.38ರ ಹತ್ತಿರ ನಿಲ್ಲುತ್ತದೆ. ಈ ಪ್ರಯೋಗದಲ್ಲಿ ನಿಜವಾಗಿ ಯೋಚಿಸಬೇಕಾದ ಜಾಗ ಇದೇ. ಫ್ಲಾಸ್ಕ್ ತಣಿದಾಗ ಆವಿಯ ಒಂದು ಭಾಗ ದ್ರವವಾಗಿ ತಳ ಸೇರುತ್ತದೆ, ತೂತಿನಿಂದ ಗಾಳಿ ಒಳಗೆ ಬರುತ್ತದೆ. ಆದರೆ 25 ಡಿಗ್ರಿಯಲ್ಲಿ ಅಸಿಟೋನಿನ ಆವಿಯೊತ್ತಡವೇ ಸುಮಾರು 30.8 ಕಿಲೋಪಾಸ್ಕಲ್. ಅಷ್ಟು ಒತ್ತಡದ ಜಾಗವನ್ನು ಅದು ಬಿಟ್ಟುಕೊಡುವುದಿಲ್ಲ. ಖಾಲಿ ಫ್ಲಾಸ್ಕ್ ತೂಗಿದಾಗ ಆ ಜಾಗದಲ್ಲಿ ಗಾಳಿ ಇತ್ತು, ಈಗ ಇಲ್ಲ. ಹೊರಗುಳಿದ ಗಾಳಿಯ ತೂಕಕ್ಕೂ ಅದೇ ಸೂತ್ರ ಸಾಕು (ಗಾಳಿಯ ಸರಾಸರಿ ಅಣುತೂಕ 28.97, 25 ಡಿಗ್ರಿ ಎಂದರೆ 298 ಕೆಲ್ವಿನ್): 30,800 × 0.000285 × 28.97 ÷ (8.314 × 298) = 0.10 ಗ್ರಾಂ. ಇದನ್ನು ತಕ್ಕಡಿಯಿಂದ ಸಿಕ್ಕ 0.38ಕ್ಕೆ ಕೂಡಿಸಬೇಕು. ಕೂಡಿಸದಿದ್ದರೆ ಅಸಿಟೋನಿನ ಅಣುತೂಕ 58ರ ಬದಲು 46 ಬಂದು, ಇದು ಎಥನಾಲ್ ಇರಬೇಕು ಎಂಬ ತೀರ್ಮಾನಕ್ಕೆ ದಾರಿಯಾಗುತ್ತದೆ. ಕೂಡಿಸಿದ ಮೇಲೂ ಉತ್ತರ ಒಂದೆರಡು ಹೆಚ್ಚು ಬಂದರೆ ಗಾಬರಿ ಬೇಡ. ಅಸಿಟೋನ್ ಅಣುಗಳು ಒಂದನ್ನೊಂದು ಸೆಳೆಯುವುದರಿಂದ ಆವಿ ಆದರ್ಶ ಅನಿಲಕ್ಕಿಂತ, ಅಂದರೆ ಈ ಸೂತ್ರಕ್ಕೆ ಪೂರ್ತಿ ಒಪ್ಪುವ ಅನಿಲಕ್ಕಿಂತ, ಸ್ವಲ್ಪ ದಟ್ಟವಾಗಿರುತ್ತದೆ.

ತೂಗುವ ಮೊದಲು ಫಾಯಿಲಿನ ಮಡಿಕೆಯ ಅಡಿಯನ್ನು ಟಿಶ್ಯೂನಿಂದ ಒರೆಸಿ. ಅಲ್ಲಿ ಸಿಕ್ಕಿಕೊಂಡ ಒಂದು ಹನಿ ನೀರೇ 0.05 ಗ್ರಾಂ ತೂಗುತ್ತದೆ.